ತೊಡೆಯ ಉದ್ದ

ಮೌಲಾಹುಸೇನ ಮಾಸ್ತರು ಬಸ್ಕಿ ಹೊಡೆಯುವುದೆಂದರೆ
ಬಾವಿಗೆ ಕೊಡ ಇಳಿದಂತೆ.
ಹಗ್ಗ ನೆಟ್ಟಗೆ, ಕೊಡ ನೆಟ್ಟಗೆ,
ನೀರು ಮುಟ್ಟಿ ನೆಟ್ಟಗೇ ಮೇಲೆ.
ಗಿಡ್ಡ ತೊಡೆ, ಉದ್ದ ಮೈ.
ಎರಡು ವರ್ಷದ ಕೂಸು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು
ಇರುವೆ ನೋಡುವಷ್ಟು ಸಲೀಸು.

ನನ್ನದು ಹಾಗಲ್ಲ.
ಕಾರಟಗಿಯ ಅಕ್ಕಿ ಗಿರಣಿಯಲ್ಲಿ,
ವೇ ಬ್ರಿಡ್ಜಿನ ಕಿಟಕಿಗೆ ದಿನವಿಡೀ ಕೂತರೆ
ಮಂಡಿ ಟೇಬಲ್ಲಿನ ತಳಕ್ಕೆ ಬಡಿಯುತ್ತದೆ.
ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ದುರುಗುಟ್ಟುತ್ತಾರೆ.
ಹೊಲಿಗೆಯ ಸಂಗಮ್ಮ ಟೇಪು ಹಿಡಿದು ಅಂದಿದ್ದಳು:
"ಇದೇನವ ಹುಲಿಗೆಮ್ಮ,
ಅರಿವಿ ಎಲ್ಲಾ ತೊಡಿಗೇ ಹೋತಲ್ಲ!"

ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮಾಳಿಗೆ,
ಗ್ರೀಸಿನ ವಾಸನೆ ಮೆಟ್ಟಿಲು ಹತ್ತಿ ಬರುವ ಜಿಮ್ಮು.
ಮೊದಲ ದಿನದಿಂದ ಒಂದೇ ಕೂಗು:
"ಎದಿ ಎತ್ತು! ನೆಟ್ಟಗ! ನೆಟ್ಟಗ!"
ಎದೆ ಎತ್ತಿದರೆ
ಬರೀ ರಾಡು ಹೊತ್ತವಳು ಹಿಂದಕ್ಕೆ ಉರುಳುತ್ತಿದ್ದೆ.
ಸಾಲಿಯಲ್ಲಿ ಹದಿಮೂರರ ಮಗ್ಗಿ ತಪ್ಪಿ
ಕಿವಿ ಹಿಡಿದು ಹೊಡೆದ ಬಸ್ಕಿಯಲ್ಲೂ ಹೀಗೇ ಮುಂದಕ್ಕೆ ಬಾಗಿ,
"ನಾಟಕ ಮಾಡ್ತಿ?" ಎಂದು
ಮತ್ತೆ ಹತ್ತು ಹೆಚ್ಚಿಗೆ ಬಿದ್ದಿತ್ತು.

ಒಂದು ಸಂಜೆ, ಪಕ್ಕದ ಕಟ್ಟಡದ ಗೌಂಡಿಯಿಂದ
ತೂಕದ ಗುಂಡು ಎರವಲು ತಂದರು ಮಾಸ್ತರು.
ರಾಡಿನ ತುದಿಗೆ ದಾರ ಕಟ್ಟಿ, ತಾವೊಮ್ಮೆ ಕೂತರು.
ಗುಂಡು ಪಾದದ ನಡುವಿಗೆ.
ನಾನು ಕೂತೆ, ನಾಚಿಕೆಗೆಟ್ಟು ಬಾಗಿ,
ಎದೆ ಹೆಚ್ಚೂಕಡಿಮೆ ತೊಡೆಗೇ ತಾಗಿ.
ಗುಂಡು ತೂಗಾಡಿತು, ನಿಂತಿತು.
ಬೂಟಿನ ದಾರದ ಗಂಟಿನ ಮೇಲೆ.
ಪಾದದ ನಡುವಿಗೇ.

ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ.
ಕೆಳಗೆ ಯಾರೋ ಇಂಜಿನ್ ಚಾಲೂ ಮಾಡಿ ನೋಡುತ್ತಿದ್ದರು.
"ನಾನು ನನ್ನ ಮೈ ನೋಡಿ ನಿನಗ ಕೂಗಾಕತ್ತಿದ್ನಿ," ಅಂದರು.
"ತೊಡಿ ಉದ್ದ ಆತಂದ್ರ ಸೊಂಟ ಹಿಂದ ಹೊಕ್ಕತಿ.
ಸೊಂಟ ಹಿಂದ ಹೋತಂದ್ರ ಎದಿ ಮುಂದ ಬರಬೇಕ.
ನಡುವ ಉಳಿದದ್ದು ಬೆನ್ನಿನ ಲೆಕ್ಕ.
ನಿನ್ನ ಬೆನ್ನು, ಹುಡುಗಿ, ಇನ್ನೂ ಹಸಿ ಐತಿ."

ಮರುದಿನ ಗಿರಣಿಯ ಯಮನೂರಪ್ಪನನ್ನು ನೋಡಿದೆ,
ಇಷ್ಟು ವರ್ಷ ನೋಡಿಯೂ ನೋಡದವಳು.
ಹಮಾಲರಲ್ಲೇ ಎತ್ತರ, ಒಂಟೆಗಾಲು.
ಚೀಲಕ್ಕೆ ಬಾಗಿದಾಗ
ಬೆನ್ನು ಓರೆ ಇಟ್ಟ ಹಲಗೆ.
ಓರೆ ಹೌದು, ಹಲಗೆಯೂ ಹೌದು.
ಕೇಳಿದೆ. ಬೀಡಿ ಆರಿಸಿ ನಕ್ಕ:
"ಬಾಗೂದು ಬ್ಯಾರೆ, ಡೊಂಕಾಗೂದು ಬ್ಯಾರೆ.
ಡೊಂಕಾದೋರು ಮೂರು ಮಂದಿ ಈಗ ಚಾದಂಗಡ್ಯಾಗ ಅದಾರ.
ಚೀಲ ಮೈಮ್ಯಾಗ ಬೀಳೂಕಿಂತ ಮೊದಲ
ಹೊಟ್ಟಿತುಂಬ ಉಸುರು ಕಟ್ಟು.
ಗಾಳಿ ಇಲ್ಲದ ಟೈರಿನ ಮ್ಯಾಗ ಲೋಡು ಹಾಕ್ತಾರೇನ?"

ಮಳೆಗಾಲದ ಭತ್ತ ಬಂದು ಹೋಗಿ
ಬೇಸಿಗೆಯದು ಬರುವ ತನಕ
ನಾನು ಬೆನ್ನಿನ ಕೂಲಿ ಮಾಡಿದೆ.
ರಾಡು ಹೊತ್ತು ನಮಸ್ಕಾರದಂತೆ ಬಾಗಿ ಏಳುವುದು,
ಉಸುಕಿನ ಚೀಲ ಅಪ್ಪಿಕೊಂಡು
ಮಾಳಿಗೆಯ ಈ ತುದಿಯಿಂದ ಆ ತುದಿಗೆ.
ರಾತ್ರಿ ಮಗ್ಗುಲು ಬದಲಿಸಿದರೆ
ಇದ್ದದ್ದೇ ಗೊತ್ತಿಲ್ಲದ ಸ್ನಾಯುಗಳು ಹೆಸರು ಹೇಳುತ್ತಿದ್ದವು.

ಎಂಬತ್ತು ಕಿಲೋ ಇಟ್ಟ ದಿನ.
ಕಾಲು ಅಗಲಿಸಿದೆ, ಬೆರಳು ಹೊರಕ್ಕೆ,
ರಾಡು ಹೆಗಲಿಗಿಂತ ಒಂದಿಷ್ಟು ಕೆಳಗೆ,
ಉಸಿರು ಕಟ್ಟಿ ಇಳಿದೆ.
ಮೊದಲೆಲ್ಲ ತಳದಿಂದ ಏಳುವಾಗ
ಸೊಂಟ ತಾನೊಂದೇ ಮೇಲೆ ಓಡಿಹೋಗಿ
ಎದೆಯನ್ನು ಹೊರೆಯ ಜೊತೆ ಕೆಳಗೇ ಬಿಡುತ್ತಿತ್ತು.
ಈ ಸಲ ಎರಡೂ ಒಟ್ಟಿಗೆ ಹೊರಟವು.
ಅರ್ಧದಲ್ಲಿ ನಿಂತವು,
ನಡುಗಿದವು,
ಬಂದವು.

ಮಾಸ್ತರು ನನಗೆ ಏನೂ ಅನ್ನಲಿಲ್ಲ.
ಆಚೆ ರಾಡಿನಡಿ ಗಿಡ್ಡ ಮೆಹರುನ್ನಿಸಾಳಿಗೆ
"ನೆಟ್ಟಗ! ನೆಟ್ಟಗ!" ಎಂದು ಕೂಗುತ್ತಿದ್ದರು.
ಅವಳಿಗೆ ಅದು ಸರಿಯೇ.

ನಿನ್ನೆ ತೂಕಕ್ಕೆ ಬಂದ ಲಾರಿಯ ಉದ್ದನೆಯ ಡ್ರೈವರು
ಇಳಿದು ಸ್ಟೆಪ್ನಿಗೆ ಕೈ ಹಾಕಿದ,
ಬೆನ್ನು ಕುಡುಗೋಲು ಮಾಡಿಕೊಂಡು.
ಕಿಟಕಿಯಿಂದಲೇ ಕೂಗಿದೆ:
"ಉಸುರು ಕಟ್ಟಣ್ಣ, ಉಸುರು!"
ಅವನು ಟೈರು ಬಿಟ್ಟು ಹತ್ತಿರ ಬಂದ.
ಚೀಟಿಗೆ ಕರೆದಳೇನೋ ಎಂದು
ಕೈ ಚಾಚಿ ನಿಂತ.