ಜಾಮೀನು

ನಮ್ಮಲ್ಲಿ ಹೆಸರಿಡಲು ಪಂಚಾಂಗ ತೆಗೆಯುವುದಿಲ್ಲ.
ಹುಟ್ಟಿದ ಹೊತ್ತಿಗೆ ಎದುರಿಗೆ ಏನು ಬಂತೋ ಅದೇ.
ಅಣ್ಣ ಗ್ಲೂಕೋಸ್. ಹಾಸನದ ದೊಡ್ಡಾಸ್ಪತ್ರೆಯಲ್ಲಿ
ಅವ್ವನ ಕೈಗೆ ಬಾಟಲಿ ತೊಟ್ಟಿಕ್ಕುತ್ತಿತ್ತು.
ಚಿಕ್ಕಪ್ಪನ ಮಗಳು ಸರ್ವೇ. ಅವತ್ತು ಕಾಲನಿಗೆ
ಸರಪಳಿ ಹಿಡಿದು ಇಬ್ಬರು ಬಂದಿದ್ದರಂತೆ.
ಅಳೆದು ಹೋದವರು ತಿರುಗಿ ಬಂದಿಲ್ಲ,
ಅವಳಿಗಾಗಲೇ ಎರಡು ಮಕ್ಕಳು.

ನಾನು ಹುಟ್ಟಿದ ದಿನ
ಬೇಲೂರು ಕೋರ್ಟಿನಿಂದ ಅಪ್ಪ ಹೊರಬಂದ.
ಎರಡು ಗೌಜಲಹಕ್ಕಿ, ಒಂದು ಬಲೆ,
ಹದಿನೇಳು ದಿನ.
ಹಾಗಾಗಿ ನಾನು ಜಾಮೀನು.

ಆ ಕೋರ್ಟಿನಿಂದ ದೇವಸ್ಥಾನಕ್ಕೆ
ಎರಡು ಬೀಡಿ ಸೇದುವಷ್ಟು ದಾರಿ.
ಸೂರಿನ ಕೆಳಗೆ ಕಲ್ಲಿನ ಹೆಂಗಸೊಬ್ಬಳು
ಬಿಲ್ಲು ಹಿಡಿದು ನಿಂತಿದ್ದಾಳೆ.
ಗೈಡು ಬೆರಳು ಚಾಚುತ್ತಾನೆ:
'ನೋಡಿ, ಬೇಟೆಗಾತಿ! ಎಂಥ ಸೂಕ್ಷ್ಮ ಕೆಲಸ!'
ಜನ ಫೋಟೋ ಹೊಡೆದುಕೊಳ್ಳುತ್ತಾರೆ.
ಅಪ್ಪ ಒಮ್ಮೆ ಕತ್ತೆತ್ತಿ, ಬಹಳ ಹೊತ್ತು ನೋಡಿ ಕೇಳಿದ:
'ಇವಳ ಮೇಲೆ ಕೇಸಿಲ್ವಾ?'

ಬಲೆ ಎತ್ತಿಡಲು ಅಟ್ಟ ಇರಲಿಲ್ಲ, ಸುಟ್ಟೆವು.
ಪ್ಲಾಸ್ಟಿಕ್ ಹೂ ಮಾರಿದೆವು, ಪಿನ್ನು, ಹೇರ್ ಕ್ಲಿಪ್ಪು, ಮಣಿಸರ,
ಆಲೂರು ಸಂತೆ, ಹಳೇಬೀಡಿನ ಪಾರ್ಕಿಂಗು.
ಶುಂಠಿ ಕಿತ್ತೆವು. ಸಂಜೆ ಸಾಹುಕಾರ
ಎಲ್ಲರ ಚೀಲ ನೋಡಿ ಬಿಡುತ್ತಿದ್ದ,
ನಮ್ಮದನ್ನು ಮಾತ್ರ ಎರಡು ಸಲ.

ಈಗ ಎಣ್ಣೆ.
ಅಜ್ಜಿ ಗಾಯಕ್ಕೆ, ಉಳುಕಿಗೆ, ಹೇನಿಗೆ ಕಾಯಿಸುತ್ತಿದ್ದದ್ದು
ಈಗ ಕೂದಲಿಗೆ.
ಲೇಬಲ್ಲಿಗೆ ನನ್ನ ಫೋಟೋ ಬೇಕೆಂದರು.
ಸ್ಟುಡಿಯೋ ಹುಡುಗ ಒಂದು ಗರಿಯ ಕಿರೀಟ ತಂದ,
ಕಾನ್ವೆಂಟಿನ ವಾರ್ಷಿಕೋತ್ಸವದ್ದು,
ಒಳಗೆ ಯಾರದೋ ಮಗುವಿನ ಹೆಸರು ಪೆನ್ನಿನಲ್ಲಿ.
'ಹಾಕ್ಕೊಳ್ಳಿ ಅಕ್ಕ, ಇಲ್ಲದಿದ್ರೆ ನೀವು ಅಂತ ಗೊತ್ತಾಗಲ್ಲ.'
ತಲೆತಲಾಂತರ ಹಕ್ಕಿ ಹಿಡಿದವರು ನಾವು,
ಒಂದು ಪುಕ್ಕವನ್ನೂ ತಲೆಗೆ ಸಿಕ್ಕಿಸಿಕೊಂಡವರಲ್ಲ.
ಮಾರುವ ಸರಕನ್ನು ಯಾರಾದರೂ ತೊಡುತ್ತಾರಾ?
ಹಾಕಿಕೊಂಡೆ. ತುರಿಸಿತು.
ಆ ತಿಂಗಳು ನೂರಾನಲವತ್ತು ಬಾಟಲಿ ಹೋಯಿತು.

ಮೊನ್ನೆ ಸೋಮವಾರ ಬ್ಯಾಂಕಿಗೆ ಹೋದೆ.
ದೊಡ್ಡ ಕಡಾಯಿ, ಬಾಟಲಿ, ಮುಚ್ಚಳದ ಮಿಷನ್ನು,
ಒಟ್ಟು ಎರಡು ಲಕ್ಷ.
ಮ್ಯಾನೇಜರು ಒಳ್ಳೆಯವರು, ಕೂರಿ ಎಂದರು.
ಲೇಬಲ್ ನೋಡಿ, 'ಅರೆ, ಇದು ನೀವಾ?
ನಮ್ಮ ಮನೆಯವರೂ ಇದನ್ನೇ ಹಚ್ಚೋದು.'
ಆಮೇಲೆ ಫಾರಂ ತಿರುಗಿಸಿದರು.
'ಜಾಮೀನು ಯಾರು?'
'ನಾನೇ ಸಾರ್.'
'ಅಲ್ಲಮ್ಮ, ಸಾಲಕ್ಕೆ ಜಾಮೀನು ಯಾರು ಅಂತ.'
'ನಾನೇ,' ಎಂದು ಆಧಾರ್ ಮುಂದಿಟ್ಟೆ.

ನಕ್ಕರು. ಕ್ಯಾಷಿಯರನ್ನು ಕರೆದು ತೋರಿಸಿದರು.
ಅವರೂ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ.
ನಾನೂ ನಕ್ಕೆ,
ಸಾಲ ಕೇಳಲು ಬಂದವಳು ನಗುವಷ್ಟು.

'ಹೋಗಲಿ, ಜಮೀನಿದೆಯಾ?'
ನನ್ನ ಹೆಸರಿನ ದೀರ್ಘ ತೆಗೆದರೆ ಜಮೀನು.
ದೀರ್ಘ ತೆಗೆಯುವುದು ಸುಲಭವಲ್ಲ.
'ಸರ್ವೇ ಮುಗೀಬೇಕು ಸಾರ್,' ಎಂದೆ.
ಯಾವ ಸರ್ವೇ ಎಂದು ಅವರು ಕೇಳಲಿಲ್ಲ.
'ಹಾಗಾದರೆ ಜಮೀನಿರೋ ಒಬ್ಬರನ್ನು ಕರ್ಕೊಂಡು ಬನ್ನಿ.
ಗೊತ್ತಿರೋರು ಯಾರಾದರೂ ಇರ್ತಾರಲ್ಲ.'

ಬಸ್ಸಿನಲ್ಲಿ ಎಣಿಸಿದೆ.
ನಮ್ಮನ್ನು ಗೊತ್ತಿರುವ ಜಮೀನಿನವರು ಒಬ್ಬರೇ.
ಚೀಲವನ್ನು ಎರಡು ಸಲ ನೋಡಿದವರು.

ರಾತ್ರಿ ಎಣ್ಣೆ ಕುದಿಯುವಾಗ
ಸರ್ವೇ ಬಂದು ಒಲೆಯ ಪಕ್ಕ ಕೂತಳು, ಏಳು ತಿಂಗಳ ಬಸುರಿ.
'ಮಂಜೂರು ಅನ್ನೋ ಹೆಸರು
ನಮ್ಮಲ್ಲಿ ಇನ್ನೂ ಯಾರಿಗೂ ಇಟ್ಟಿಲ್ಲ ಕಣೇ,' ಎಂದೆ.
ಅವಳು ಹೊಟ್ಟೆ ಸವರಿಕೊಂಡು, ಚೆನ್ನಾಗಿದೆ ಎಂದಳು.
ಅಪ್ಪ ಕೊಳ್ಳಿಯಿಂದ ಬೀಡಿ ಹಚ್ಚಿಕೊಂಡ.
'ಮೊದಲೇ ಇಡೋ ಹಾಗಿಲ್ಲ,' ಎಂದ.
'ಎದುರಿಗೆ ಬರಲಿ.'