ಟ್ಯಾಂಕ್ ಹದಿನೇಳು, ಫುಜೈರಾ

ತೊಂಬತ್ತೆರಡು ಮೆಟ್ಟಿಲು, ಸುತ್ತಿ ಸುತ್ತಿ.
ಮುಂದೆ ಡೀಟ್ಸೆ, ಕೊಳ್ಳುವವರ ಕಡೆಯವ,
ಹಿಂದೆ ಜುಬೋವ್, ಮಾರುವವರ ಕಡೆಯವ,
ನಡುವೆ ಟೇಪು, ಬಾಟಲಿ ಹೊತ್ತು ನಾನು,
ಯಾರ ಕಡೆಯವನೂ ಅಲ್ಲದ್ದಕ್ಕೇ ಸಂಬಳ.

ರಾತ್ರಿ ಎರಡು. ಕಬ್ಬಿಣ ಇನ್ನೂ ಬಿಸಿ,
ಈಗಷ್ಟೇ ರೊಟ್ಟಿ ತೆಗೆದ ಹೆಂಚಿನ ಹಾಗೆ.
ಬೆನ್ನಿಗೆ ಹಜರ್ ಬೆಟ್ಟ, ಹುಲ್ಲುಕಡ್ಡಿಯಿಲ್ಲದ್ದು.
ಎದುರಿಗೆ ಕಡಲ ತುಂಬ ಲಂಗರಿಳಿಸಿದ ದೀಪಗಳು,
ಕೆಲವಕ್ಕೆ ಹೋದ ತಿಂಗಳು ಬೇರೆ ಹೆಸರಿತ್ತು.
ಕೇಳಬಾರದು.

ಹಿತ್ತಾಳೆ ಗುಂಡು ಕಟ್ಟಿದ ಟೇಪು ಇಳಿಬಿಡುತ್ತೇನೆ.
ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ಅಪ್ಪ
ಕೊಳಗದ ಬಾಯಿ ಹಲಗೆಯಲ್ಲಿ ಸವರಿ
ಒಂದು ಅನ್ನದೆ 'ಲಾಭ' ಅಂತ ಎಣಿಕೆ ತೊಡಗುತ್ತಿದ್ದ.
ಇಲ್ಲಿ ಹಾಗನ್ನುವಂತಿಲ್ಲ.
ಒಂದು ಮಿಲಿಮೀಟರು ಅಂದರೆ ಮೂವತ್ತೊಂದು ಪೀಪಾಯಿ.

ಇವರಿಬ್ಬರೂ ಮಾತಾಡಿದ್ದು ನಾನು ಕಂಡಿಲ್ಲ.
ನನ್ನೊಡನೆ ಆಡುತ್ತಾರೆ, ಬೇರೆ ಬೇರೆಯಾಗಿ,
ಗೇಟಿನಾಚೆ, ಕರಕ್ ಚಹಾದ ಅಂಗಡಿಯಲ್ಲಿ.

ಡೀಟ್ಸೆ ಹುಟ್ಟಿದ್ದು ಶ್ವೆಟ್‌ನಲ್ಲಿ, ಓಡರ್ ನದಿಯ ಬದಿ.
ಜುಬೋವ್ ಆಲ್ಮೆತ್ಯೆವ್ಸ್ಕ್‌ನಲ್ಲಿ.
ನಡುವೆ ಸಾವಿರಾರು ಕಿಲೋಮೀಟರಿನ ಒಂದು ಕೊಳವೆ,
ಹೆಸರು ದ್ರುಝ್ಬಾ. ಗೆಳೆತನ ಅಂತ ಅರ್ಥವಂತೆ.
ಒಬ್ಬ ಗೆಳೆತನದ ತಲೆ, ಒಬ್ಬ ಬಾಲ.
ಎಣ್ಣೆ ಬಂದ ದಿನ ಶ್ವೆಟ್‌ನಲ್ಲಿ ಬ್ಯಾಂಡು ಬಾರಿಸಿದರಂತೆ,
ಡೀಟ್ಸೆಯ ಅಪ್ಪ, ಬೆಸುಗೆ ಕೆಲಸದವ,
ಜಾಮಿನ ಸೀಸೆಯಲ್ಲಿ ಒಂದಿಷ್ಟು ಮನೆಗೆ ತಂದು
ಕಪಾಟಿನಲ್ಲಿಟ್ಟನಂತೆ, ನಾವು ಗಂಗೆ ಇಡುವ ಹಾಗೆ.

ಅದಕ್ಕೂ ಮುಂಚೆ? ಕೇಳಿದೆ.
ಅದಕ್ಕೂ ಮುಂಚೆ ರೈಲು, ಅಂದ.
ನಲವತ್ತೊಂದರ ಜೂನು, ನಡುರಾತ್ರಿ,
ರಷ್ಯದ ಗೋಧಿ ತುಂಬಿದ ಗಾಡಿ ಗಡಿಯ ಸೇತುವೆ ದಾಟಿತು,
ಒಪ್ಪಂದದ ಪ್ರಕಾರ, ಹೊತ್ತಿಗೆ ಸರಿಯಾಗಿ.
ರಸೀದಿಯನ್ನೂ ಕೊಟ್ಟಿರಬೇಕು.
ಬೆಳಕು ಹರಿಯುವ ಮೊದಲು ಅದೇ ಗಡಿ ದಾಟಿ
ಆ ಕಡೆಗೆ ಹೋದವು ಟ್ಯಾಂಕುಗಳು.
ಈ ಥರದ ಟ್ಯಾಂಕಲ್ಲ, ಅಂತ
ಗೇಟಿನೊಳಗೆ ಕೈ ತೋರಿಸಿ ನಕ್ಕ, ನಗದ ಹಾಗೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತೇವೆ.
ಗೋಧಿ ತಿಂದವ?

ಜುಬೋವನ ಅಜ್ಜಿ ಅಮಾಲಿಯ, ವೋಲ್ಗಾ ದಂಡೆಯ ಜರ್ಮನ್ ಹೆಂಗಸು.
ಹಿಂದೆಂದೋ ಒಬ್ಬ ರಾಣಿ, ಬನ್ನಿ, ಹೊಲ ಕೊಡುತ್ತೇನೆ,
ಅಂದಾಗ ನೇಗಿಲ ಸಮೇತ ಬಂದವರ ಕುಲ.
ಟ್ಯಾಂಕು ಬಂದ ವರ್ಷವೇ ಅವರನ್ನೂ ರೈಲಿಗೆ ತುಂಬಿದರು,
ಕಜಕಸ್ತಾನದ ಬಯಲಿಗೆ.
ಬೀದಿಯಲ್ಲಿ ಆ ಭಾಷೆ ಆಡಿದರೆ ಕಲ್ಲು ಬೀಳುತ್ತಿತ್ತು.
ಆಲೂಗಡ್ಡೆ ಎಣಿಸುವಾಗ ಮಾತ್ರ ಆಡುತ್ತಿದ್ದಳು,
ಬಾಗಿಲು ಹಾಕಿ,
ತೊಡೆಯ ಮೇಲೆ ಮೊಮ್ಮಗ.

ಈಗ ಗೆಳೆತನದ ಬಾಲ ಒಣಗಿದೆ. ಮೊಹರು ಬಿದ್ದಿದೆ.
ಕೊಳವೆಯಲ್ಲಿ ಹರಿದದ್ದು ಈಗ ಭೂಮಿ ಸುತ್ತುತ್ತದೆ,
ಕಾಗದ ಬದಲಿಸುತ್ತ.
ಎಣ್ಣೆ ಸೀಗೆಕಾಯಿ ಅನ್ನುತ್ತಾರೆ ನಮ್ಮಲ್ಲಿ, ಸೇರದವರಿಗೆ.
ಇಲ್ಲಿ ಸೀಗೆಕಾಯಿ ಯಾವುದೋ ತಿಳಿಯದು,
ಎರಡೂ ಕಡೆ ಎಣ್ಣೆಯೇ.

ಟೇಪು ಮೇಲೆ ಬಂತು. ಟಾರ್ಚು ಹಿಡಿದೆ.
ಹದಿನಾಲ್ಕು ಮೀಟರು, ಇನ್ನೂರ ಅರವತ್ತ...
ಶೆಸ್ತ್, ಅಂದ ಡೀಟ್ಸೆ.
ಆಖ್ಟ್, ಅಂದ ಜುಬೋವ್.

ಆರು ಅಂದಿದ್ದು ರಷ್ಯನ್ನಿನಲ್ಲಿ, ಜರ್ಮನಿಯವ:
ಬೆರಳ ಗಂಟಿಗೆ ರೂಲುದೊಣ್ಣೆ ಬಿದ್ದು ಕಲಿತ ಪಾಠ.
ಎಂಟು ಅಂದಿದ್ದು ಜರ್ಮನ್ನಿನಲ್ಲಿ, ರಷ್ಯದವ:
ಆಲೂಗಡ್ಡೆಯ ಲೆಕ್ಕ.
ಅರವತ್ತೆರಡು ಪೀಪಾಯಿ ವ್ಯತ್ಯಾಸ
ಇಬ್ಬರ ನಡುವೆ ಹಾಗೇ ನಿಂತಿತು.
ಗಾಳಿಯಿರಲಿಲ್ಲ. ಗಂಧಕದ ವಾಸನೆ.
ಆಮೇಲೆ ಇಬ್ಬರೂ ಒಟ್ಟಿಗೆ, ಸಿಟ್ಟಿನಿಂದ,
ಇಂಗ್ಲಿಷಿನಲ್ಲಿ, ನನಗೆ:
ಇನ್ನೊಂದು ಸಲ ಇಳಿಸು.

ಇಳಿಸಿದೆ. ಒರೆಸಿದೆ. ಮತ್ತೆ ಇಳಿಸಿದೆ.
ಏಳು ಬಂತೋ, ನಾನೇ ಏಳು ಅಂದೆನೋ,
ಈಗ ನೆನಪಿಲ್ಲ.
ಸಹಿ ಹಾಕಿದರು, ನನ್ನ ಬೆನ್ನನ್ನೇ ಮೇಜು ಮಾಡಿ,
ಮೊದಲು ಒಂದು ಪೆನ್ನಿನ ಮೊನೆ, ಆಮೇಲೆ ಇನ್ನೊಂದು.

ಬಾಟಲಿಯ ಚೀಟಿಯಲ್ಲಿ ತಾರೀಖು ಬರೆದೆ, ಟ್ಯಾಂಕು ಬರೆದೆ.
'ಮೂಲ' ಅನ್ನುವ ಕಡೆ ಖಾಲಿ ಬಿಡು ಅಂದಿದ್ದಾರೆ ಆಫೀಸಿನಲ್ಲಿ.

ಇಳಿಯುವಾಗ ಮುಂದಿದ್ದ ಡೀಟ್ಸೆ
ಟಾರ್ಚನ್ನು ಹಿಂದಕ್ಕೆ ತಿರುಗಿಸಿ ಹಿಡಿದ,
ಮೆಟ್ಟಿಲು ಕಾಣಲಿ ಅಂತ,
ನನಗೋ, ನನ್ನ ಹಿಂದಿದ್ದವನಿಗೋ.
ಕೇಳಲಿಲ್ಲ.
ಕೆಳಗೆ ಪಂಪು ಶುರುವಾಗಿತ್ತು.