ಖಾಲಿ ಲಾರಿಯ ತೂಕ

ಕಡಲ ಗಾಳಿಗೆ ಅಂಗಡಿಯ ಬಾಗಿಲು
ತಾನೇ ತೆರೆದು ತಾನೇ ಬಡಿದುಕೊಳ್ಳುವ
ಸೆಡೂನಾದ ಒಂದು ಮಧ್ಯಾಹ್ನ
ಬಂದರು ಲೈಲ್ ಟ್ರೆಗೆಂಝಾ,
ಮೊಟ್ಟೆ ಡಬ್ಬಿಯ ಮುಚ್ಚಳ ಹರಿದು ಬರೆದ ಪಟ್ಟಿ ಹಿಡಿದು.
ಮೂವತ್ತೊಂದು ವರ್ಷ ಗೋಧಿ ಲಾರಿಗಳನ್ನು ತೂಗಿದವರು.
ಈಗ ನೆತ್ತಿಯ ಮೇಲೆ ಸೌರಫಲಕ ಹೊತ್ತ
ಬಿಳಿ ವ್ಯಾನೇ ಮನೆ.

ಕೆಟಲ್: ಎರಡು ಸಾವಿರದ ಇನ್ನೂರು ವ್ಯಾಟ್.
ಟೋಸ್ಟರ್: ಒಂಬೈನೂರು.
ಫ್ರಿಜ್ಜು ಅರವತ್ತು, ರೇಡಿಯೋ ಎಷ್ಟೋ ಏನೋ.
ಕೊನೆಗೆ, ಎರಡು ಸಲ ಅಡಿಗೆರೆ ಎಳೆದು:
ಕೂದಲೊಣಗಿಸುವ ಯಂತ್ರ.

ಅವರ ತಲೆ ನೋಡಿದೆ. ತೊಳೆದು ಕವುಚಿಟ್ಟ ಬಟ್ಟಲು.
ನೋಡಿದ್ದನ್ನು ಅವರೂ ನೋಡಿದರು.

"ದೊಡ್ಡದೇ ಕೊಟ್ಟುಬಿಡಮ್ಮ, ಮೂರು ಸಾವಿರದ್ದು."

ದೊಡ್ಡದು, ಸ್ವಾಮಿ, ಸುಮ್ಮನೆ ಕೂತರೂ ತಿನ್ನುತ್ತದೆ.
ಒಂದು ದೀಪವೂ ಹಚ್ಚದೆ ಮಲಗಿದರೂ
ಬೆಳಗಾಗುವಷ್ಟರಲ್ಲಿ ಬ್ಯಾಟರಿಯ ಕಾಲುಭಾಗ ಮಾಯ.

ಅವರ ಮುಖ ಅರಳಿತು.
"ಖಾಲಿ ಲಾರಿಯ ತೂಕ!
ಕಾಳು ಎಷ್ಟೆಂದು ಎಲ್ಲರೂ ಕೇಳುವರು,
ಲಾರಿಯದ್ದನ್ನು ಕಳೆಯಲು ಮರೆಯುವರು."

ಆಮೇಲೆ ನಾನು ಹೇಳುವುದೇನೂ ಉಳಿಯಲಿಲ್ಲ.
ಕೆಟಲ್ಲನ್ನು ತಾವೇ ಹೊಡೆದುಹಾಕಿದರು,
ಆನೆ ಹೊಟ್ಟೆಗೆ ಅರೆಕಾಸಿನ ಬಿಸಿಲು ಎಲ್ಲಿಯ ಲೆಕ್ಕ?
ಗ್ಯಾಸ್ ಒಲೆ ಇದೆ. ಬ್ರೆಡ್ಡಿಗೆ ಫೋರ್ಕು ಇದೆ.
ಫ್ರಿಜ್ಜಿನ ಅರವತ್ತು ಮಾತ್ರ ನಂಬಬೇಡಿ ಎಂದೆ,
ಅದು ಓಡುವಾಗಿನ ಮಾತು;
ಕೂತಲ್ಲಿಂದ ಏಳುವಾಗ ಐದಾರು ಪಟ್ಟು ಕೇಳುತ್ತದೆ.
ಮಂಡಿ ಸವರಿಕೊಂಡು "ಗೊತ್ತು" ಎಂದರು.

ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು.
"ಇದು ಪಿಕಲ್‌ಗೆ."
ವ್ಯಾನಿನ ಕಿಟಕಿಯಲ್ಲಿ ಕಂದು ಮೂತಿ,
ಒಂದು ಕಿವಿ ನೆಟ್ಟಗೆ, ಒಂದು ಜೋಲು.
ದಿನವೂ ಕಡಲಿಗೆ ಹಾರುತ್ತದಂತೆ,
ಜೋಲುಕಿವಿಯೊಳಗೆ ನೀರು ನಿಂತು ಕೀವು.
ಒಣಗಿಸಿಡಿ ಎಂದಿದ್ದಾಳೆ ಡಾಕ್ಟರು,
ಟವೆಲ್ಲಿಗೆ ಎಟುಕದು ಆ ಮೂಲೆ.

ಯಂತ್ರ ತರಿಸಿ ಮೀಟರಿಗೆ ಹಾಕಿದೆ.
ಮೊದಲ ಗುಂಡಿ, ಉಗುರುಬೆಚ್ಚಗಿನ ಗಾಳಿ: ನೂರ ತೊಂಬತ್ತು.
ಅಷ್ಟೇನಾ, ಎಂದರು. ಅಷ್ಟೇ.

ಆರುನೂರರವು ಎರಡಿದ್ದವು ನನ್ನಲ್ಲಿ.
ಅಗ್ಗದ್ದು ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ,
ಯಂತ್ರ ಸೀಸೆಯೊಳಗಿನ ನೊಣದಂತೆ ಗುಂಯ್‌ಗುಟ್ಟಿತು,
ಪಿಕಲ್ ಸೀಟಿನಡಿಗೆ.
ಇನ್ನೊಂದರದ್ದು ನಯವಾದ ಅಲೆ, ಬೆಲೆ ಎರಡರಷ್ಟು.
ನಾಯಿ ಹೊರಬಂತು, ಮೂಸಿತು,
ಕಿವಿ ಕೊಟ್ಟಿತು.
ಟ್ರೆಗೆಂಝಾ ನೋಟು ಎಣಿಸಿದರು.

ಬಳಸದಾಗ ಆರಿಸಿ, ತಂತಿ ದಪ್ಪನೆಯದೇ ಇರಲಿ,
ಗಿಡ್ಡವಿದ್ದಷ್ಟೂ ಒಳ್ಳೆಯದು, ಎಂದೆಲ್ಲ ಕೂಗಿ ಹೇಳುತ್ತಿರುವಾಗಲೇ
ವ್ಯಾನು ಪಡುವಣದ ರಸ್ತೆಗೆ ತಿರುಗಿತು.
ಕಿಟಕಿಯಾಚೆ ಪಿಕಲ್‌ನ ತಲೆ,
ಜೋಲುಕಿವಿ ಒಳಹೊರಗಾಗಿ ಪಟಪಟ
ಗಾಳಿಗೆ ಬಡಿಯುತ್ತಿತ್ತು.
ಸೊನ್ನೆ ವ್ಯಾಟ್.

ರಸೀತಿ ಪುಸ್ತಕ ಮುಚ್ಚಿದೆ.